ಬಿಸಿಲ ದಂಡೆ

ಕೊಲ್ಲಿ ದೇಶದ ಖುರುಮ್‌ನಲ್ಲಿರುವ ನಮ್ಮ ಆಫೀಸಿನ ಲಾರ್ಸ್ ನಾರ್ವೆಯವನು. ಸೈಟ್ ನೋಡಿ ಬರುವಾಗ ಒಂದು ಕಣಿವೆ ಹಳ್ಳಿಯ ಹಿರಿಯರೊಬ್ಬರು ನಮ್ಮನ್ನು ಬೆಟ್ಟದ ನೆರಳಲ್ಲಿ ಕೂರಿಸಿ ಕಹ್ವಾ ಕಾಫಿ ಕೊಟ್ಟರು. ಲಾರ್ಸ್ ತನ್ನೂರಿನ ಕಣಿವೆಯ ಕಥೆ ತೆಗೆದ. ನನ್ನ ಹರಕು ಅರಬಿಯಲ್ಲಿ ಅದನ್ನು ದಾಟಿಸಿದೆ.

"ನಡುವೆ ನದಿ. ಬಿಸಿಲು ಬೀಳುವ ದಂಡೆ ಹಿಂದಿನಿಂದಲೂ ಸಿರಿವಂತರದು. ಚರ್ಚು, ಪಂಚಾಯಿತಿ ಕಚೇರಿ ಎಲ್ಲ ಅಲ್ಲೇ. ನೆರಳಿನ ದಂಡೆ ನಮ್ಮಂಥ ಬಡವರದು. ನಾನು ಪಂಚಾಯಿತಿ ಮೆಂಬರಾಗಿದ್ದಾಗ ಕಚೇರಿಯನ್ನು ನಮ್ಮ ಕಡೆ ತರಲು ಹೋರಾಡಿ ಸೋತೆ."

ಹಿರಿಯರು ಕನಿಕರದಿಂದ ಕೇಳಿದರು: "ನೆರಳು ಬಿಟ್ಟು ಬಿಸಿಲಲ್ಲಿ ಕೂರುವವರ ಕೈಗೆ ಊರು ಕೊಟ್ಟಿದ್ದೀರಾ?"

ಹೊರಟಾಗ ಲಾರ್ಸ್ ಬಿಸಿಲಲ್ಲಿ ನಿಲ್ಲಿಸಿದ್ದ ಕಾರು ಕಾದ ಕಾವಲಿಯಾಗಿತ್ತು.

"ಕೊನೆಗೂ ನಿಂಗೆ ಬಿಸಿಲ ದಂಡೆ ಸಿಕ್ತಲ್ಲ, ಕೂತ್ಕೋ," ಎಂದೆ.

ಸಿರಿವಂತಿಕೆ ಅವನಿಗೆ ಒಗ್ಗಲಿಲ್ಲ. ಎಸಿ ಹಾಕಿ, ಮತ್ತೆ ನೆರಳಿಗೇ ಹೋಗಿ ನಿಂತ.