ಸೀಸ ಹಿಡಿಯುವ ಪುಡಿಯ ನಿಧಾನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಮೂಲೆಯ ಕೋಣೆಯಲ್ಲಿ ದಪ್ಪ ಕೈಗವಸು ತೊಟ್ಟ ಮಹಿಳೆಯೊಬ್ಬರು ಬಿಸಿನೀರಿನ ತೊಟ್ಟಿಯಲ್ಲಿಟ್ಟ ಪ್ಲಾಸ್ಟಿಕ್ ಪಾತ್ರೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾರೆ. ಪಾತ್ರೆಯಿಂದ ಆವಿಯಾಗಿ ಹೋದಷ್ಟು ನೀರನ್ನು ಮತ್ತೆ ಸೇರಿಸುತ್ತಾರೆ, ಶಾಖ ಏರಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಸಂಶೋಧಕನೊಬ್ಬ ಬಾಗಿಲಲ್ಲೇ ನಿಂತು "ಆಯ್ತಾ ಅಕ್ಕಾ?" ಎಂದರೆ, "ಅವಸರ ಇದ್ರೆ ಮನೆಗೆ ಹೋಗಪ್ಪ. ನಿಮ್ಮಪ್ಪ ಬಂದು ಹೇಳಿದ್ರೂ ಇದು ಬೇಗ ಆಗಲ್ಲ" ಎಂದು ಗದರುತ್ತಾರೆ. ಇಲ್ಲಿ ಎಲ್ಲರೂ ಅವರನ್ನು ನಿಧಾನಕ್ಕ ಎನ್ನುವುದು ಸುಮ್ಮನೆ ಅಲ್ಲ.

ಪಾತ್ರೆಯಲ್ಲಿರುವುದು ಜಿರ್ಕೋನಿಯಂ ಎಂಬ ಲೋಹದ ಲವಣ ಮತ್ತು ಫಾಸ್ಫೋನಿಕ್ ಆಮ್ಲ. ಎರಡನ್ನೂ ಹಾಗೇ ಬೆರೆಸಿದರೆ ಕ್ಷಣದಲ್ಲಿ ಗಂಜಿಯಂತೆ ಹೆಪ್ಪುಗಟ್ಟುತ್ತವೆ, ಉಪಯೋಗಕ್ಕೆ ಬರುವುದಿಲ್ಲ. ಫ್ಲೋರಿನ್ ಇರುವ ಇನ್ನೊಂದು ಆಮ್ಲ ಸೇರಿಸಿದರೆ ಅದು ಲೋಹವನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಚರ್ಮಕ್ಕೆ ತಗುಲಿದರೆ ಎಲುಬಿನವರೆಗೂ ಇಳಿಯುವ, ಗಾಜನ್ನೂ ತಿನ್ನುವ ಆಮ್ಲ ಅದು. ಪ್ಲಾಸ್ಟಿಕ್ ಪಾತ್ರೆ ಅದಕ್ಕೇ. ದಿನಗಟ್ಟಲೆ ಕಾದರೆ ಲೋಹದ ಪದರ, ನಡುವೆ ಇಂಗಾಲದ ಕೊಂಡಿ, ಮತ್ತೆ ಲೋಹದ ಪದರ ಹೀಗೆ ಒಂದರ ಮೇಲೊಂದು ಕೂತು ಬಿಳಿ ಪುಡಿಯಾಗುತ್ತವೆ. ಇದೇ ಬಳಗದ ಪುಡಿಗಳನ್ನು ಔಷಧ ಸಾಗಿಸಲು, ವಿದ್ಯುತ್ ಉತ್ಪಾದಿಸುವ ಇಂಧನಕೋಶದ ಪೊರೆ ಮಾಡಲು ಬಳಸುವ ಪ್ರಯತ್ನವೂ ಇದೆ. ನಿಧಾನಕ್ಕನ ಪುಡಿಯ ಕೆಲಸ ನೀರಿನಲ್ಲಿ ಕರಗಿದ ಸೀಸವನ್ನು ಹಿಡಿದಿಟ್ಟುಕೊಳ್ಳುವುದು.

ಸೀಸ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಬ್ಯಾಟರಿ ಒಡೆಯುವ ಕಾರ್ಖಾನೆಯಲ್ಲಿ ದುಡಿದು ದುಡಿದು ಗಂಡನಿಗೆ ಈಗ ಮಣಿಕಟ್ಟು ಎತ್ತಲಾಗುವುದಿಲ್ಲ. ಅಂಗಿಯ ಗುಂಡಿ ಹೆಂಡತಿಯೇ ಹಾಕಬೇಕು. "'ಮದುವೆಯಾದ ಹೊಸದರಲ್ಲೂ ನೀನು ಇಷ್ಟು ಹತ್ರ ನಿಂತಿರ್ಲಿಲ್ಲ' ಅಂತ ಅವ್ರು ತಮಾಷೆ ಮಾಡ್ತಾರೆ. ನಾನೂ ನಗ್ತೀನಿ. ಆಮೇಲೆ ಅಡುಗೆಮನೆಗೆ ಹೋಗಿ ಅಳ್ತೀನಿ." ಕಾರ್ಖಾನೆ ತೊಳೆದ ನೀರು ಇಂದಿಗೂ ಅವರ ಬೀದಿಯ ಚರಂಡಿಯಲ್ಲಿ ಹರಿದು ಬಾವಿಗಳಿಗೆ ಇಂಗುತ್ತದೆ. ಪುಡಿ ಕೆಲಸ ಮಾಡುವುದನ್ನು ಕಣ್ಣಾರೆ ತೋರಿಸಿದರೆ ಚರಂಡಿಯ ಬಾಯಿಗೆ ಫಿಲ್ಟರ್ ಕೂರಿಸುವುದಾಗಿ ಕಾರ್ಖಾನೆಯ ಮಾಲೀಕ ಒಪ್ಪಿದ್ದಾನೆ.

ಹಿಂದಿನ ಸಲ ತೋರಿಸಲಾಗಲಿಲ್ಲ. ಪುಡಿ ತೊಳೆಯುವ ಹೊತ್ತಿಗೆ ಬಟ್ಟಿ ಇಳಿಸಿದ ನೀರು ಮುಗಿದಿತ್ತು. ಚೊಕ್ಕಟತನದಲ್ಲಿ ನಿಧಾನಕ್ಕನಿಗೆ ನಿಧಾನಕ್ಕನೇ ಸಾಟಿ; ಆಮ್ಲ ಉಳಿಯಬಾರದೆಂದು ನಲ್ಲಿ ನೀರಿನಲ್ಲೇ ಮತ್ತೆ ಮತ್ತೆ ತೊಳೆದರು. ಪರೀಕ್ಷೆಯಲ್ಲಿ ಅರ್ಧದಷ್ಟು ಸೀಸ ಆರಾಮಾಗಿ ದಾಟಿ ಹೋಯಿತು. ತಂಡದ ಮುಖ್ಯಸ್ಥೆ ತಲೆ ಕೆಡಿಸಿಕೊಂಡು ಕೂತಿದ್ದಾಗ ಇವರೇ ಹೋಗಿ ನಡೆದದ್ದನ್ನು ಹೇಳಿದರು. ನಲ್ಲಿ ನೀರಿನ ಸುಣ್ಣದ ಅಂಶ ಪದರಗಳ ನಡುವೆ ಮೊದಲೇ ಸೇರಿಕೊಂಡಿತ್ತು. "ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಹಾಗೆ. ಸೀಸ ಬಂದ್ರೆ ಕೂರಕ್ಕೆ ಜಾಗ ಇಲ್ಲ. ಮೇಡಂ ಚೆನ್ನಾಗಿ ಬೈದ್ರು, ಬೈಸ್ಕೊಂಡೆ. ಬಾಯಿ ಮುಚ್ಕೊಂಡು ಇರಬಹುದಿತ್ತು. ಆದ್ರೆ ಅದೇ ತಪ್ಪು ಇನ್ನೊಂದ್ಸಲ ಆಗಿದ್ರೆ ನಮ್ಮ ಬೀದಿಗೆ ಗತಿ ಏನು?"

ಈ ಸಲ ಬಟ್ಟಿ ಇಳಿಸಿದ ನೀರಿಗೂ ಅವರದೇ ಕಾವಲು. ಹೊಸ ಪುಡಿ ತೊಳೆದು, ಒಣಗಿಸಿ, ಕೊಳವೆಗೆ ತುಂಬಿದ ದಿನ ಬೀದಿಯ ಚರಂಡಿ ನೀರನ್ನು ತಾವೇ ಕ್ಯಾನಿನಲ್ಲಿ ಹೊತ್ತು ತರುತ್ತಾರೆ. ಮಾಲೀಕ ಕೈಕಟ್ಟಿ ನಿಂತಿದ್ದಾನೆ. ನೀರು ಕೊಳವೆಯಿಂದ ತೊಟ್ಟಿಕ್ಕುತ್ತದೆ, ಯಂತ್ರ ಅದರಲ್ಲಿ ಉಳಿದ ಸೀಸವನ್ನು ಅಳೆಯುತ್ತದೆ. ಮೇಡಂ ಪರದೆ ನೋಡಿ, ಇನ್ನೊಮ್ಮೆ ಅಳೆಸಿ, "ಕುಡಿಯೋ ನೀರಿನ ಮಿತಿಗಿಂತ ಕಡಿಮೆ ಇದೆ" ಎನ್ನುತ್ತಾರೆ. ನಿಧಾನಕ್ಕನ ಕಣ್ಣು ತುಂಬಿಕೊಳ್ಳುತ್ತದೆ.

ಮಾಲೀಕ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಕೇಳುತ್ತಾನೆ: "ಅಲ್ಲಮ್ಮ, ಇಷ್ಟೆಲ್ಲ ಮಾಡಿದ್ರೂ ನಿಮ್ಮ ಯಜಮಾನ್ರಿಗೆ ಇದರಿಂದ ವಾಸಿ ಆಗಲ್ವಲ್ಲ?"

ನಿಧಾನಕ್ಕ ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಆಗಲ್ಲ ಸಾರ್. ಅವ್ರದ್ದು ಹೋಗಿದ್ದು ಹೋಯ್ತು. ನಮ್ಮ ಬೀದಿ ಬಾವಿ ನೀರು ಕುಡಿದು ಇನ್ನೊಬ್ಬರಿಗೆ ಹಾಗಾಗಬಾರದು. ಫಿಲ್ಟರ್ ಯಾವತ್ತು ಕೂರಿಸ್ತೀರಿ? ದಿನ ಹೇಳೋವರೆಗೂ ನಾನು ಈ ಬಾಗಿಲು ಬಿಟ್ಟು ಕದಲಲ್ಲ."