ಮೂರು ನೀರು ಕಂಡ ಬಟ್ಟೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಊರ ಮಂದಿಯ ಮೇಲೆಲ್ಲ ಅಲ್ಲ, ಒಬ್ಬಳೇ ಒಬ್ಬಳ ಮೇಲೆ. ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ಆಕೆಯನ್ನು ನಾನು ಬಾಯ್ತುಂಬ ಅಕ್ಕ ಅಂತ ಕರೆಯುತ್ತೇನೆ. ಮದುವೆಯಾಗಿ ಬಂದಾಗಿನಿಂದ ಹಾಗೆ ಕರೆಯುತ್ತಲೇ ಒಳಗೊಳಗೆ ಕುದಿಯುತ್ತ ಬಂದಿದ್ದೇನೆ.

ಅಕ್ಕ ಇರುವುದು ಸಂತೆಕಲ್ಲೂರಿನಲ್ಲಿ, ನಾವು ಸಿಂಧನೂರಿನಲ್ಲಿ. ಆಕೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾಳೆ. ನಾನು ಇಷ್ಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದೇನೆ. ನಮ್ಮ ಮನೆಗೆ ಬಂದವರು ಒಬ್ಬರಾದರೂ ಅದರ ಮಾತೆತ್ತಬೇಕಲ್ಲ! ಮಂಚದ ಮೇಲೆ ಕೂತ ಕೂಡಲೇ ಅಲ್ಲಿ ಹಾಸಿದ ಕೌದಿ ಸವರಿ, "ಇದು ಯಾರ ಕೈಯಿಂದ್ರೀ?" ಅನ್ನುತ್ತಾರೆ. ಅಕ್ಕನದು ಅಂತ ನಾನೇ ನನ್ನ ಬಾಯಿಂದ ಹೇಳಬೇಕು.

ಕೌದಿಯ ಮೇಲಿನ ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಕ್ಕ ತಲೆ ಕೆಡಿಸಿಕೊಳ್ಳುವುದು ಒಳಗೆ ಹಾಕುವ ಬಟ್ಟೆಯ ಬಗ್ಗೆ. ಮೆತ್ತಗಿರಬೇಕು, ಬೆವರು ಹೀರಬೇಕು, ಹೊಲಿದ ಮೇಲೆ ಕುಗ್ಗಿ ಮುದ್ದೆಯಾಗಬಾರದು. ಅದಕ್ಕೆ ಹೊಲಿಯುವ ಮೊದಲೇ ಒಗೆದು, ಕುಗ್ಗುವುದನ್ನೆಲ್ಲ ಕುಗ್ಗಿಸಿಬಿಡಬೇಕು. ಆದರೆ ಅವರೂರಿನ ಬೋರಿನದು ಸವುಳು ನೀರು. ಅದರಲ್ಲಿ ಸಬಕಾರದ ನೊರೆ ಬರುವುದಿಲ್ಲ, ಒಣಗಿದ ಬಟ್ಟೆ ಹಪ್ಪಳದಂತೆ ಗಟ್ಟಿಯಾಗುತ್ತದೆ. ನಮ್ಮಲ್ಲಿ ಕಾಲುವೆಯ ಸಿಹಿನೀರು. ಹಾಗಾಗಿ ಪ್ರತಿ ಬೇಸಿಗೆಗೆ ಅಕ್ಕ ಹಳೆ ಬಟ್ಟೆಯ ಗಂಟು ಹೊತ್ತು, ಮಸ್ಕಿಯವರೆಗೆ ಆಟೋದಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು ನಮ್ಮ ಹಿತ್ತಲಿಗೆ ಬರುತ್ತಾಳೆ. ನೀರು ನಮ್ಮದು, ಒಗೆಯುವ ಕಲ್ಲು ನಮ್ಮದು, ಹೆಸರು ಮಾತ್ರ ಆಕೆಯದು.

ಈ ಸಲದ ಬೇಸಿಗೆಯಲ್ಲಿ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಲಿಂಗಸುಗೂರಿನ ಅತ್ತೆಮನೆಯಿಂದ ಬಂದಳು. ಹುಟ್ಟುವ ಕೂಸಿಗೆಂದು ನಾನು ಆಗಲೇ ಅಂಗಡಿಯಿಂದ ಕರಡಿಯ ಚಿತ್ರವಿದ್ದ ನುಣುಪು ರಗ್ಗು ತಂದಿಟ್ಟಿದ್ದೆ. ಮಗಳು ಅದನ್ನು ಬಿಚ್ಚಿ ನೋಡಿ, ಚಂದ ಐತಿ ಅಂದು, ಮಡಚಿ ಕಪಾಟಿನಲ್ಲಿಟ್ಟಳು. ಆಮೇಲೆ ನನ್ನೆದುರೇ ಫೋನು ಹಚ್ಚಿ, "ದೊಡ್ಡವ್ವಾ, ನನ್ನ ಕೂಸಿಗೆ ನಿನ್ನ ಕೈಯಿಂದನ ಕೌದಿ ಆಗಬೇಕು ನೋಡು" ಅಂದಳು. ನನಗೆ ಉರಿದುಹೋಯಿತು. ಹೆತ್ತವಳು ನಾನು, ಮೊಮ್ಮಗುವಿನ ಮೈಗೆ ಹತ್ತುವುದು ಆಕೆಯ ಕೌದಿ!

ಮರುವಾರವೇ ಅಕ್ಕ ಗಂಟಿನೊಂದಿಗೆ ಹಾಜರಾದಳು. ಹಿತ್ತಲಲ್ಲಿ ಬಿಚ್ಚಿ ಒಂದೊಂದನ್ನೇ ಆರಿಸತೊಡಗಿದಳು. ಮಾವನವರ ಸವೆದ ಧೋತರ, ಅತ್ತೆಯ ಬಿಳಿಚಿಕೊಂಡ ನೂಲಿನ ಸೀರೆ. ಪ್ರತಿಯೊಂದನ್ನೂ ಮೂಸಿ, ಗಲ್ಲಕ್ಕೆ ಒತ್ತಿಕೊಂಡು, ಬಿಸಿಲಿಗೆ ಹಿಡಿದು ಎಳೆ ನೋಡುತ್ತಿದ್ದಳು. ತುಂಬು ಬಾಳು ಬಾಳಿದವರ ಬಟ್ಟೆ ಕೂಸಿನ ಮೈಗೆ ಒಳ್ಳೆಯದು ಎನ್ನುವುದು ನಮ್ಮ ಮನೆಯಲ್ಲಿ ನಡೆದು ಬಂದ ನಂಬಿಕೆ.

ನಾನು ಒಳಗೆ ಹೋಗಿ ಟ್ರಂಕಿನಿಂದ ಒಂದು ಸೀರೆ ತಂದೆ. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಉಟ್ಟಿದ್ದ ನೀಲಿ ಸೀರೆ ಅದು. ಇಷ್ಟು ವರ್ಷ ಜೋಪಾನವಾಗಿ ಇಟ್ಟಿದ್ದೆ. ಕೌದಿ ಆಕೆಯೇ ಹೊಲಿಯಲಿ, ಒಳಗೆಲ್ಲೋ ಒಂದು ಪದರ ನನ್ನದೂ ಇರಲಿ ಅಂತ ಆಸೆ.

"ಅಕ್ಕಾ, ಇದನ್ನೂ ಹಾಕು" ಅಂದೆ.

ಅಕ್ಕ ಸೀರೆಯನ್ನು ಗಲ್ಲಕ್ಕೆ ಒತ್ತಿಕೊಳ್ಳಲೂ ಇಲ್ಲ. ಸೆರಗಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಿಡಿದಳು. ನೂಲಾಗಿದ್ದರೆ ಸುಟ್ಟು ಬೂದಿಯಾಗಿ ಉದುರಬೇಕಿತ್ತು. ನನ್ನ ಸೀರೆಯ ಎಳೆ ಸುರುಟಿಕೊಂಡು, ಕರಗಿ, ಸಾಸಿವೆಯಷ್ಟು ಕರಿ ಗುಂಡಾಗಿ ನಿಂತಿತು.

"ಇದು ಪಾಲಿಸ್ಟರ್ ಐತಿ ತಂಗಿ. ಬೆವರು ಕುಡಿಯೂದಿಲ್ಲ. ಕೂಸಿನ ಮೈ ಬೇಯತೈತಿ. ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಮಗಳು, "ಅವ್ವಗ ಅದೆಲ್ಲ ಎಲ್ಲಿ ತಿಳೀಬೇಕು ಬಿಡು ದೊಡ್ಡವ್ವಾ" ಅಂತ ನಕ್ಕಳು. ನಾನೂ ನಕ್ಕೆ. ಸೀರೆ ಮಡಚಿ ಒಳಗಿಟ್ಟು ಬಂದೆ.

ಮರುದಿನ ರವಿವಾರ. ಬೆಳಿಗ್ಗೆ ಅಕ್ಕ ಆರಿಸಿದ ಬಟ್ಟೆಗಳನ್ನು ಬಿಸಿನೀರಿಗೆ ಒಗೆಯುವ ಸೋಡಾ ಹಾಕಿ ತಗಡಿನ ದೊಡ್ಡ ಬುಟ್ಟಿಯಲ್ಲಿ ನೆನೆಸಿದಳು. ತನ್ನ ಕಡೆಯ ಬೀಗರನ್ನು ಮಾತಾಡಿಸಿ ಬರುತ್ತೇನೆಂದು ಹತ್ತಿರದ ಮುಕ್ಕುಂದಕ್ಕೆ ಹೊರಟು, "ಮಧ್ಯಾಹ್ನ ಒಂದು ನೀರು ಬದಲಿಸು ತಂಗಿ, ಉಳಿದ ಎರಡು ನೀರು ನಾ ಬಂದು ನೋಡ್ಕೋತೀನಿ" ಅಂದಳು. ಮೂರು ನೀರು ಕಾಣದ ಬಟ್ಟೆಯನ್ನು ಆಕೆ ಸೂಜಿಗೆ ಮುಟ್ಟಿಸುವುದಿಲ್ಲ. ಮಗಳು ಉಂಡು ಮಲಗಿದಳು. ಹಿತ್ತಲಲ್ಲಿ ನಾನು ಮತ್ತು ಆ ಬುಟ್ಟಿ.

ನಾನು ಮಾಡಿದ್ದನ್ನು ಮರೆತು ಮಾಡಿದೆ ಅಂತ ಬರೆಯಬಹುದಿತ್ತು. ಬರೆಯುವುದಿಲ್ಲ. ಕಪಾಟಿನಲ್ಲಿ ನನ್ನ ಹೊಸ ಕೆಂಪು ಒಳಲಂಗ ಇತ್ತು, ಇನ್ನೂ ಒಂದು ಸಲವೂ ಉಟ್ಟಿರಲಿಲ್ಲ. ಅಂಥದ್ದು ಮೊದಲ ಸಲ ನೀರಿಗೆ ಬಿದ್ದರೆ ಎಷ್ಟು ಬಣ್ಣ ಬಿಡುತ್ತದೆ ಅಂತ ಯಾವ ಹೆಂಗಸಿಗೆ ಗೊತ್ತಿಲ್ಲ? ಹೊಸದಾಗಿ ಬಿಸಿನೀರು ಹಾಕಿದೆ, ಲಂಗ ತಂದು ಧೋತರದ ನಡುವೆ ತುರುಕಿದೆ. ಬಟ್ಟೆ ಕೆಟ್ಟರೆ ಕೌದಿ ಇಲ್ಲ, ಕೌದಿ ಇಲ್ಲದಿದ್ದರೆ ನನ್ನ ಕರಡಿ ರಗ್ಗು. ಲೆಕ್ಕ ಅಷ್ಟೇ ಸರಳವಾಗಿತ್ತು. ಒಳಗೆ ಹೋಗಿ ಚಹಾ ಮಾಡಿ ಕುಡಿದೆ, ರುಚಿಯಾಗಿಯೇ ಇತ್ತು.

ಹೊತ್ತು ಇಳಿಯುವ ಮೊದಲು ಅಕ್ಕ ಬಂದಳು. ಬುಟ್ಟಿಯಿಂದ ಧೋತರ ಎತ್ತಿದಳು. ಉದ್ದಕ್ಕೂ ಗುಲಾಬಿ, ಅಲ್ಲಲ್ಲಿ ಕಡುಗೆಂಪು ಕಲೆ.

"ಅಯ್ಯ, ನೀರು ಬದಲಿಸುವಾಗ ನನ್ನ ಲಂಗ ಹೆಂಗೋ ಕೂಡಿಬಿಟ್ಟೈತಿ ನೋಡಕ್ಕಾ. ಮೈಲಿಗೆ ಬಟ್ಟ್ಯಾಗ ಇತ್ತು" ಅಂದೆ.

ಅಕ್ಕ ಲಂಗವನ್ನು ಹಿಂಡಿ ಹರವಿದಳು. ಸೊಂಟದ ಪಟ್ಟಿಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಉಟ್ಟು ಬಿಟ್ಟ ಮೈಲಿಗೆ ಬಟ್ಟೆಗೆ ಅಂಗಡಿಯ ಚೀಟಿ ಎಲ್ಲಿಂದ ಬರಬೇಕು? ಅದನ್ನು ತೆಗೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಚೀಟಿ ನೋಡಿದೆ, ಆಕೆಯೂ ನೋಡಿದಳು. ಉಗುರಿನಿಂದ ಅದನ್ನು ಕೆರೆದು ಮೋರಿಗೆ ಎಸೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕೊಡ ತಗೊಂಡು ಬಾ" ಅಂದಳು.

ನಾನು ತೊಟ್ಟಿಯಿಂದ ನೀರು ತುಂಬಿ ತುಂಬಿ ಕೊಟ್ಟೆ. ಆಕೆ ಕುಕ್ಕಿ, ಹಿಂಡಿ, ಚೆಲ್ಲಿದಳು. ಮೂರನೆಯ ನೀರೂ ಕೆಂಪು, ನಾಲ್ಕನೆಯದೂ ಕೆಂಪು. ಅಳುಕುತ್ತ, "ಇದನ್ನ ಬಿಟ್ಟು ಬ್ಯಾರೆ ಬಟ್ಟಿ ನೋಡೋಣೇನಕ್ಕಾ?" ಅಂದೆ.

"ಅತ್ತಿ ಸೀರಿ ಮತ್ತೊಂದು ಎಲ್ಲಿಂದ ತರ್ಲಿ? ಬಿಡೂ ಬಣ್ಣ ಎಲ್ಲಾ ಈಗ ಬಿಡ್ಲಿ. ಕೂಸಿನ ಮೈಮ್ಯಾಲೆ ಬಿಡಬಾರದು, ಅಷ್ಟ."

ಏಳನೆಯ ನೀರು ತಿಳಿಯಾಯಿತು. ಕಲೆ ಮಾತ್ರ ಹೋಗಲಿಲ್ಲ. ಆಕೆ ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಹಳೆಯದನ್ನೆಲ್ಲ ತೆಗೆದು ಜಗಳ ಮಾಡಿ ಹಗುರಾಗುತ್ತಿದ್ದೆ. ಅದಕ್ಕೂ ಆಸ್ಪದ ಕೊಡದೆ ಮರುದಿನ ಒಣಗಿದ ಬಟ್ಟೆ ಗಂಟು ಕಟ್ಟಿಕೊಂಡು ಮಸ್ಕಿ ಬಸ್ಸು ಹತ್ತಿದಳು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕೌದಿ ಬಂತು. ಮೇಲೆ ತೆಳ್ಳನೆಯ ಬಿಳಿ ನೂಲುಬಟ್ಟೆ, ಅಂಚಿಗೆ ಹಸಿರು ತುಂಡುಗಳು, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ. ಲಿಂಗಸುಗೂರಿನ ಬೀಗತಿ ಮುಟ್ಟಿ ನೋಡಿ, "ಎಷ್ಟು ಮೆತ್ತಗ ಐತ್ರೀ!" ಅಂದರು. ಇನ್ನೇನು ಅಕ್ಕನ ಪುರಾಣ ಶುರುವಾಗುತ್ತದೆ ಅಂತ ನಾನು ಅಡುಗೆಮನೆಗೆ ಹೊರಟಿದ್ದೆ. ಹಿಂದಿನಿಂದ ಮಗಳ ದನಿ ಕೇಳಿಸಿತು.

"ನಮ್ಮವ್ವ ಒಗೆದಾಳ್ರೀ ಒಳಗಿನ ಬಟ್ಟಿ. ಏಳು ನೀರು ಹಾಕ್ಯಾಳಂತ. ದೊಡ್ಡವ್ವ ಹೇಳಿದ್ಲು."

ಎಲ್ಲರೂ ನನ್ನ ಕಡೆ ತಿರುಗಿದರು. ಹೌದಾ, ಏಳು ನೀರಾ ಅಂತ ಬೀಗತಿ ನನ್ನ ಕೈ ಹಿಡಿದುಕೊಂಡರು. ಅಕ್ಕ ತೊಟ್ಟಿಲಿನ ಹಗ್ಗ ಬಿಗಿಯುತ್ತಿದ್ದಳು, ತಲೆ ಎತ್ತಲಿಲ್ಲ. ಜೀವಮಾನವೆಲ್ಲ ಕಾದ ಹೊಗಳಿಕೆ ಕೊನೆಗೂ ಬಂದಿತ್ತು, ಅದನ್ನೂ ಆಕೆಯೇ ಕೊಟ್ಟಿದ್ದಳು. ಆ ಗಳಿಗೆಯಲ್ಲಿ ಉರಿದಷ್ಟು ಹೊಟ್ಟೆ ನನಗೆ ಇನ್ನೆಂದೂ ಉರಿದಿಲ್ಲ.

ಈಗ ಕೌದಿ ಒಗೆಯುವ ಕೆಲಸ ನನ್ನದು. ಕೂಸು ದಿನಕ್ಕೆರಡು ಸಲ ತೋಯಿಸುತ್ತದೆ. ಸಿಹಿನೀರಿನಲ್ಲಿ ಅದ್ದಿದ ಕೂಡಲೇ ಮೇಲಿನ ಬಿಳಿ ಬಟ್ಟೆ ಒಳಪದರಕ್ಕೆ ಅಂಟಿ, ಅದರಡಿಯಿಂದ ಗುಲಾಬಿ ಕಲೆ ಮೇಲೇಳುತ್ತದೆ. ಆ ಕೌದಿಯಲ್ಲಿ ನನ್ನದು ಅಂತ ಇರುವುದು ಅದೊಂದೇ. ಯಾರಾದರೂ ಹಿತ್ತಲಿಗೆ ಬರುವ ಮೊದಲು ಅದನ್ನು ಹಿಂಡಿ ಬಿಸಿಲಿಗೆ ಹಾಕಿ, ಒಣಗಿ ಕಲೆ ಮರೆಯಾಗುವ ತನಕ ಪಕ್ಕದಲ್ಲೇ ನಿಂತಿರುತ್ತೇನೆ.