ಲಿಟಲ್ ಟೋಕಿಯೋದ ಪುಟ್ಟ ಮುದ್ದೆ

2023ರ ಬೇಸಿಗೆಯಲ್ಲಿ ನಾನೂ ನಮ್ಮನೆಯವರೂ ಮೊದಲ ಸಲ ಅಮೆರಿಕಕ್ಕೆ ಹೋಗಿದ್ದೆವು. ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ನನ್ನ ತಂಗಿ ಸುಧಾಳ ಮನೆ. ಜಪಾನ್ ನೋಡಬೇಕೆನ್ನುವುದು ನನ್ನ ಹಳೆಯ ಹುಚ್ಚು. ಸುಧಾ, "ಅಕ್ಕ, ಜಪಾನ್‌ಗೆ ವೀಸಾ ಬೇಕು. ಲಾಸ್ ಏಂಜಲೀಸ್‌ನಲ್ಲಿರೋ ಲಿಟಲ್ ಟೋಕಿಯೋಗೆ ಕಾರಲ್ಲಿ ಪೆಟ್ರೋಲ್ ಇದ್ರೆ ಸಾಕು, ನಡಿ" ಎಂದು ಒಂದು ಶನಿವಾರ ಬೆಳಿಗ್ಗೆಯೇ ಹೊರಡಿಸಿದಳು.

ಅದು ನಿಜಕ್ಕೂ ಬೇರೆಯೇ ಊರು. ಅಂಗಡಿಗಳ ಮುಂದೆ ಕಾಗದದ ದೀಪಗಳು, ಗಾಜಿನ ಹಿಂದೆ ಥೇಟ್ ನಿಜದಂತೆ ಮಾಡಿಟ್ಟ ನಕಲಿ ಊಟ, ಎಲ್ಲಿ ನೋಡಿದರೂ ತೆಪ್ಪಗೆ ನಿಂತ ಸಾಲು. "ಇಷ್ಟು ದೂರ ಬಂದು ಊಟಕ್ಕೂ ರೇಷನ್ ಅಂಗಡಿ ಥರ ಕ್ಯೂನಾ?" ಎಂದು ನಮ್ಮನೆಯವರು ಗೊಣಗಿದರು. ಕೊನೆಗೆ ಒಂದು ಸಣ್ಣ ಹೋಟೆಲಿನಲ್ಲಿ ಜಾಗ ಸಿಕ್ಕಿತು.

ಸುಧಾ ಹೇಳಿದ ಸಿಹಿ ಬಂತು. ನೋಡಿ ನನಗೆ ನಗು. ಕೆಂಪು ಕಾಳಿನ ಬಿಸಿ ಪಾಯಸದ ನಡುವೆ ಬೆಳ್ಳಗಿನ ಪುಟ್ಟ ಮುದ್ದೆ! ಅದಕ್ಕೆ ಮೋಚಿ ಎನ್ನುತ್ತಾರಂತೆ, ಅನ್ನವನ್ನು ಕುಟ್ಟಿ ಮಾಡುತ್ತಾರಂತೆ.

"ಸ್ವಲ್ಪ ಸ್ವಲ್ಪ ಕಚ್ಚಿ, ಚೆನ್ನಾಗಿ ಅಗಿದು ತಿನ್ನಕ್ಕ. ಅಂಟುತ್ತೆ ಅದು" ಎಂದಳು ಸುಧಾ.

"ಹೋಗೇ, ಮಂಡ್ಯದೋಳಿಗೆ ಮುದ್ದೆ ತಿನ್ನೋದು ಹೇಳ್ಕೊಡ್ತೀಯಾ?"

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಅಂತ ನುಂಗುವುದು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಚಮಚದಲ್ಲಿ ಅರ್ಧ ಉಂಡೆ ಎತ್ತಿದೆ, ಪಾಯಸದಲ್ಲಿ ಹೊರಳಿಸಿದೆ, ನುಂಗಿಯೇ ಬಿಟ್ಟೆ.

ನಮ್ಮ ಮುದ್ದೆ ಜಾರುತ್ತದೆ. ಇದು ಗಂಟಲಲ್ಲೇ ಅಂಟಿ ಕೂತಿತು. ಕೆಮ್ಮೋಣವೆಂದರೆ ಕೆಮ್ಮು ಬರಲಿಲ್ಲ. ಉಸಿರು ಒಳಗೂ ಹೋಗದು, ಹೊರಗೂ ಬಾರದು. ಸುಧಾ ನೀರು ತರಲು ಕೌಂಟರಿಗೆ ಹೋಗಿದ್ದಳು. ನಮ್ಮನೆಯವರು ತಮ್ಮ ಬಟ್ಟಲಿನ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು.

ಆಗ ನನಗೆ ಬಂದ ಯೋಚನೆ ಏನು ಗೊತ್ತೇ? ಇಷ್ಟು ಜನರ ಮುಂದೆ ಉಗುಳಿ ಮರ್ಯಾದೆ ಕಳೆದುಕೊಳ್ಳಬಾರದು ಅಂತ! ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಎದ್ದೆ.

"ಬಾತ್‌ರೂಮಾ? ಹಿಂದ್ಗಡೆ ಇದೆ ನೋಡು" ಎಂದರು ನಮ್ಮನೆಯವರು, ಫೋನಿನಿಂದ ಕಣ್ಣೆತ್ತದೆ.

ಮೇಜುಗಳ ನಡುವೆ ನಡೆದೆ. ಎರಡೂ ಕಡೆ ಜನ ನಗುತ್ತಾ ಉಣ್ಣುತ್ತಿದ್ದರು. ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಅಯ್ಯೋ, ನಾನು ಸಾಯುತ್ತಿದ್ದೇನೆ ಎಂದು ಆಗ ಹೊಳೆಯಿತು. ಕೂಗಬೇಕು, ಆದರೆ ಧ್ವನಿಯೇ ಇಲ್ಲ. ಅಂಥ ಭಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಬಾತ್‌ರೂಮಿನ ಬಾಗಿಲ ಹಿಡಿಗೆ ಕೈ ಹಾಕಿದ್ದೆ. ಯಾರೋ ನನ್ನ ತೋಳು ಹಿಡಿದು ಎಳೆದರು. ಪಕ್ಕದ ಮೇಜಿನಲ್ಲಿ ಊಟಕ್ಕೆ ಕೂತಿದ್ದ, ತಲೆ ನರೆತ ಜಪಾನೀ ಹೆಂಗಸು. "ಮಾತಾಡೋಕೆ ಆಗುತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ನನ್ನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ರಪರಪ ಬಡಿದರು. ಬರಲಿಲ್ಲ. ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿ ಒತ್ತಿ, ಜೋರಾಗಿ ಒಳಕ್ಕೂ ಮೇಲಕ್ಕೂ ಜಗ್ಗಿದರು. ಮತ್ತೆ ಜಗ್ಗಿದರು. ಉಂಡೆ ನೆಲಕ್ಕೆ ಬಿತ್ತು.

ಉಸಿರು ಬಂತು. ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ. ಮರ್ಯಾದೆ ಎಲ್ಲಿ ಹೋಯಿತೋ! ನಮ್ಮನೆಯವರು ಓಡಿಬಂದು, "ಏನಾಯ್ತೇ? ಏನಾಯ್ತೇ?" ಎಂದು ಅದನ್ನೇ ಕೇಳುತ್ತಿದ್ದರು.

ಆ ತಾಯಿ ತಮ್ಮ ಕರ್ಚೀಫಿನಿಂದಲೇ ನನ್ನ ಮುಖ ಒರೆಸಿದರು. ಅಷ್ಟರಲ್ಲಿ ಕೌಂಟರಿನಿಂದ ಓಡಿಬಂದಿದ್ದ ಸುಧಾಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವಳು ಅಳುತ್ತಲೇ ನನಗೆ ಹೇಳಿದಳು. "ಅವ್ರಪ್ಪನೂ ಹೊಸ ವರ್ಷದ ಊಟದಲ್ಲಿ ಮೋಚಿ ಸಿಕ್ಕೊಂಡು ಹಿಂಗೇ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ಎದ್ದು ಹೋದ್ರಂತೆ ಅಕ್ಕ. ಕೈ ತೊಳ್ಯಕ್ಕೆ ಹೋದ್ರು ಅಂತ ಮನೆಯವ್ರೆಲ್ಲ ಉಣ್ತಾ ಕೂತಿದ್ರಂತೆ. ಹೋಗಿ ನೋಡೋ ಹೊತ್ತಿಗೆ ಜೀವ ಹೋಗಿತ್ತಂತೆ. ಅದಕ್ಕೇ ನೀನು ಎದ್ದ ತಕ್ಷಣ ಇವ್ರಿಗೆ ಗೊತ್ತಾಯ್ತಂತೆ."

ನಾನು ಅವರ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡೆ. ಹೆಸರು ಕೇಳಲೂ ತೋಚಲಿಲ್ಲ.

ಈಗ ಮದುವೆ ಮನೆಯಲ್ಲೋ ಹೋಟೆಲಿನಲ್ಲೋ ಯಾರಾದರೂ ಊಟದ ನಡುವೆ ಬಾಯಿಗೆ ಕೈ ಅಡ್ಡ ಹಿಡಿದು ಎದ್ದರೆ ನಾನು ಅವರ ಹಿಂದೆಯೇ ಹೋಗುತ್ತೇನೆ. ಬೈಸಿಕೊಂಡದ್ದೂ ಉಂಟು. ಬೈಯಲಿ. ಆ ದಿನ ಯಾರೂ ತಡೆಯದಿದ್ದರೆ, ಬಾತ್‌ರೂಮಿನ ಒಳಗೆ ಹೋಗಿ ನಾನು ಮಾಡುತ್ತಿದ್ದ ಮೊದಲ ಕೆಲಸ ಚಿಲಕ ಹಾಕಿಕೊಳ್ಳುವುದು.